ನೀಲಿ ಪರದೆ ಬಂತು ಅಂತ ಫಾರ್ಮ್ಯಾಟ್ ಮಾಡಿಸಬೇಡಿ

"ಬ್ಲೂ ಸ್ಕ್ರೀನ್ ಬರ್ತಾ ಇದೆ ಸಾರ್. ಫಾರ್ಮ್ಯಾಟ್ ಹೊಡೆದು ಕೊಟ್ಟುಬಿಡಿ."

ತುಮಕೂರಿನಲ್ಲಿ ಕಂಪ್ಯೂಟರ್ ರಿಪೇರಿ ಮಾಡುವವರು ಈ ಮಾತು ಕೇಳದ ವಾರವೇ ಇರುವುದಿಲ್ಲ. ನಾನೂ ಅವರಲ್ಲಿ ಒಬ್ಬ. ಬ್ಲೂ ಸ್ಕ್ರೀನ್ ಅಂದರೆ ವಿಂಡೋಸ್ ಇದ್ದಕ್ಕಿದ್ದ ಹಾಗೆ ನಿಂತಾಗ ಕಾಣುವ ನೀಲಿ ಪರದೆ. ಅಶೋಕ ರಸ್ತೆಯ ಅಂಗಡಿಯವರು ಹೀಗೇ ಹೇಳುತ್ತಾರೆ. ಮಧುಗಿರಿಯಿಂದ ಸಿಪಿಯು ಅನ್ನು ಹಳೇ ಬೆಡ್‌ಶೀಟ್‌ನಲ್ಲಿ ಸುತ್ತಿ ಬಸ್ಸಿನಲ್ಲಿ ತರುವವರೂ ಹೀಗೇ ಹೇಳುತ್ತಾರೆ. ಇಂಜಿನಿಯರಿಂಗ್ ಓದುವ ಹುಡುಗರ ಬಾಯಲ್ಲೂ ಇದೇ ಮಾತು. ಏನಾಗಿದೆ ಅಂತ ಯಾರೂ ಕೇಳುವುದಿಲ್ಲ. ಏನು ಮಾಡಬೇಕು ಅನ್ನುವುದು ಮಾತ್ರ ಎಲ್ಲರಿಗೂ ಮೊದಲೇ ಗೊತ್ತಿರುತ್ತದೆ.

ಈ ಮಾತು ಕೇಳಿದಾಗೆಲ್ಲ ನನಗೆ ಸಂಕಟವಾಗುತ್ತದೆ. ಫಾರ್ಮ್ಯಾಟ್ ಅಂದರೆ ಅಳಿಸಿ ಹಾಕುವುದು. ವಿಂಡೋಸ್ ಮತ್ತೆ ಹಾಕಬಹುದು, ಅದೇನು ದೊಡ್ಡದಲ್ಲ. ಡೆಸ್ಕ್‌ಟಾಪ್ ಮೇಲೆ ಇಟ್ಟಿದ್ದ ಮಗುವಿನ ಫೋಟೋ, ಮೈ ಡಾಕ್ಯುಮೆಂಟ್ಸ್‌ನಲ್ಲಿದ್ದ ಲೆಕ್ಕ, ಎಲ್ಲಿಂದಲೋ ತಂದು ಹಾಕಿಸಿಕೊಂಡಿದ್ದ ಕನ್ನಡ ಫಾಂಟು, ಇವು ಮತ್ತೆ ಬರುವುದಿಲ್ಲ. ಅದಕ್ಕಿಂತ ಹೆಚ್ಚಾಗಿ, ಅಷ್ಟೆಲ್ಲ ಕಳೆದುಕೊಂಡ ಮೇಲೂ ಮೂಲ ತೊಂದರೆ ಹಾಗೇ ಉಳಿದಿರಬಹುದು.

ಹಾಗಾಗಿ ಈ ಪರದೆ ಯಾಕೆ ಬರುತ್ತದೆ, ಬಂದಾಗ ಏನು ನೋಡಬೇಕು ಅನ್ನುವುದನ್ನು ನನ್ನ ಕೈಯಲ್ಲಿ ಆದಷ್ಟು ಬಿಡಿಸಿ ಬರೆಯುತ್ತೇನೆ.

ವಿಂಡೋಸ್‌ನಲ್ಲಿ ಎರಡು ಮಟ್ಟದ ಕೆಲಸ ನಡೆಯುತ್ತಿರುತ್ತದೆ. ನಾವು ತೆರೆಯುವ ವರ್ಡ್, ಕ್ರೋಮ್, ಟ್ಯಾಲಿ ಎಲ್ಲ ಮೇಲಿನ ಮಟ್ಟದವು. ಅವುಗಳಲ್ಲಿ ಒಂದು ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಉಳಿದದ್ದು ನಡೆಯುತ್ತಲೇ ಇರುತ್ತದೆ. ಕೆಳಗಿನ ಮಟ್ಟದಲ್ಲಿ ಕರ್ನಲ್, ಅಂದರೆ ವಿಂಡೋಸ್‌ನ ತಿರುಳು ಇದೆ. ಡಿಸ್ಕ್, ಮೆಮೊರಿ, ಡಿಸ್‌ಪ್ಲೇ ಜೊತೆ ವ್ಯವಹರಿಸುವ, ಡ್ರೈವರ್ ಅನ್ನುವ ಪ್ರೋಗ್ರಾಂಗಳಲ್ಲಿ ಹೆಚ್ಚಿನವು ಅಲ್ಲೇ ಇರುತ್ತವೆ. ಆ ಮಟ್ಟದಲ್ಲಿ ತಪ್ಪಾದರೆ ಮೆಮೊರಿಯಲ್ಲಿ ಇರುವುದರಲ್ಲಿ ಯಾವುದು ಸರಿ, ಯಾವುದು ಕೆಟ್ಟಿದೆ ಅಂತ ವಿಂಡೋಸ್‌ಗೆ ತಿಳಿಯುವುದಿಲ್ಲ. ಹಾಗೇ ಮುಂದುವರಿದರೆ ಕೆಟ್ಟ ಮಾಹಿತಿಯನ್ನೇ ಡಿಸ್ಕ್‌ಗೆ ಬರೆದು ನಿಮ್ಮ ಫೈಲ್‌ಗಳನ್ನು ಹಾಳು ಮಾಡಬಹುದು. ಅದಕ್ಕೇ ಎಲ್ಲವನ್ನೂ ಅಲ್ಲಿಗೇ ನಿಲ್ಲಿಸುತ್ತದೆ. ಯಾಕೆ ನಿಲ್ಲಿಸಿದೆ ಅನ್ನುವುದನ್ನು ಒಂದು ಕೋಡ್ ಆಗಿ ಪರದೆಯ ಮೇಲೆ ಬರೆಯುತ್ತದೆ. ಸಾಧ್ಯವಾದರೆ ಮೆಮೊರಿಯಲ್ಲಿ ಇದ್ದದ್ದರ ಒಂದು ಪ್ರತಿಯನ್ನೂ ಡಿಸ್ಕ್‌ನಲ್ಲಿ ಇಡುತ್ತದೆ. ಆಮೇಲೆ ತಾನೇ ರೀಸ್ಟಾರ್ಟ್ ಆಗುತ್ತದೆ.

ಅಂದರೆ ಆ ಪರದೆ ಬಂದಿದೆ ಅಂದರೆ ಕಂಪ್ಯೂಟರ್ ಹೋಯಿತು ಅಂತ ಅಲ್ಲ. ನಿಮ್ಮ ಫೈಲ್‌ಗಳು ಇನ್ನಷ್ಟು ಕೆಡದಿರಲಿ ಅಂತ ಅದು ತಾನೇ ನಿಂತಿದೆ.

ಈ ಏರ್ಪಾಡು ಇವತ್ತಿನದಲ್ಲ. 1993ರಲ್ಲಿ ಬಂದ ವಿಂಡೋಸ್ ಎನ್‌ಟಿ 3.1ರಲ್ಲೇ ಇತ್ತು. ಆಗ ಪರದೆ ತುಂಬ ಅಂಕಿಗಳ ಸಾಲು. 2012ರ ವಿಂಡೋಸ್ 8ರಲ್ಲಿ ಅಳುಮುಖ ಬಂತು, ಅಂಕಿಗಳು ಕಡಿಮೆಯಾದವು. 2016ರಲ್ಲಿ ಕ್ಯೂಆರ್ ಕೋಡ್ ಸೇರಿತು. 2025ರಲ್ಲಿ ವಿಂಡೋಸ್ 11ರ ಹೊಸ ಅಪ್‌ಡೇಟ್ ಅದನ್ನು ಕಪ್ಪು ಪರದೆ ಮಾಡಿತು, ಅಳುಮುಖವನ್ನೂ ಕ್ಯೂಆರ್ ಕೋಡನ್ನೂ ತೆಗೆಯಿತು. ಬಣ್ಣ ಯಾವುದಾದರೂ ಸರಿ, ನೋಡಬೇಕಾದದ್ದು ಕೆಳಗಿರುವ ಸ್ಟಾಪ್ ಕೋಡ್ ಅನ್ನುವ ಸಾಲನ್ನು. ಕೆಲವು ಸಲ ಅದರ ಜೊತೆ ಒಂದು ಫೈಲ್‌ನ ಹೆಸರೂ ಇರುತ್ತದೆ.

ನೀಲಿ ಪರದೆಗೂ ನಿಮ್ಮ ಫೈಲ್‌ಗಳು ಹೋಗುವುದಕ್ಕೂ ಸಂಬಂಧ ಇರಲೇಬೇಕು ಅಂತ ಇಲ್ಲ. ಇದಕ್ಕೆ ಇಡೀ ಜಗತ್ತು ನೋಡಿದ ಉದಾಹರಣೆಯೇ ಇದೆ. 2024ರ ಜುಲೈ 19, ಶುಕ್ರವಾರ. ನಮ್ಮ ಸಮಯದಲ್ಲಿ ಬೆಳಿಗ್ಗೆ 9:39ಕ್ಕೆ ಕ್ರೌಡ್‌ಸ್ಟ್ರೈಕ್ ಅನ್ನುವ ಭದ್ರತಾ ಕಂಪನಿಯಿಂದ ಒಂದು ಸಣ್ಣ ಅಪ್‌ಡೇಟ್ ಫೈಲ್ ಹೊರಬಿತ್ತು. ಅದರಲ್ಲಿ ತಪ್ಪಿತ್ತು. ಅದನ್ನು ಓದಲು ಹೋದ ಡ್ರೈವರ್ ಕರ್ನಲ್ ಮಟ್ಟದಲ್ಲಿ ಎಡವಿತು. ಆನ್ ಮಾಡಿದರೆ ನೀಲಿ ಪರದೆ, ಮತ್ತೆ ಆನ್ ಆದರೆ ಮತ್ತೆ ನೀಲಿ ಪರದೆ. ಮೈಕ್ರೋಸಾಫ್ಟ್ ಅಂದಾಜಿನ ಪ್ರಕಾರ ಸುಮಾರು 85 ಲಕ್ಷ ಕಂಪ್ಯೂಟರ್‌ಗಳು ಹೀಗಾದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಬೋರ್ಡಿಂಗ್ ಪಾಸ್‌ಗಳನ್ನು ಕೈಯಲ್ಲಿ ಬರೆದು ಕೊಟ್ಟ ಫೋಟೋಗಳು ನಿಮಗೂ ನೆನಪಿರಬಹುದು.

ಅದಕ್ಕೆ ಪರಿಹಾರ ಏನಿತ್ತು ಗೊತ್ತಾ? ಸೇಫ್ ಮೋಡ್‌ಗೆ, ಅಂದರೆ ತೀರಾ ಬೇಕಾದಷ್ಟನ್ನು ಮಾತ್ರ ಹಾಕಿಕೊಂಡು ವಿಂಡೋಸ್ ಏಳುವ ರೀತಿಗೆ, ಹೋಗಿ ಆ ಒಂದು ಫೈಲ್ ಅಳಿಸುವುದು. ಅಷ್ಟೇ. ಒಂದೊಂದು ಕಂಪ್ಯೂಟರ್ ಮುಂದೆಯೂ ಒಬ್ಬರು ಕೂತು ಮಾಡಬೇಕಾಗಿದ್ದರಿಂದ ದಿನಗಟ್ಟಲೆ ಹಿಡಿಯಿತು. ಆದರೆ ಒಳಗಿದ್ದ ಕಡತಗಳು ಇದ್ದಲ್ಲೇ ಇದ್ದವು. "ನೀಲಿ ಪರದೆ, ಫಾರ್ಮ್ಯಾಟ್ ಮಾಡಿ" ಅಂತ ಆವತ್ತು ಎಲ್ಲರೂ ಹೊರಟಿದ್ದರೆ ಎಷ್ಟು ನಷ್ಟ ಆಗುತ್ತಿತ್ತು ಅಂತ ಯೋಚಿಸಿ.

ಅಂಗಡಿಗೆ ಫೋನ್ ಮಾಡಿದವರಿಗೆ ನಾನು ಮೊದಲು ಹೇಳುವುದು, ಮೊಬೈಲ್‌ನಲ್ಲಿ ಆ ಪರದೆಯ ಫೋಟೋ ತೆಗೆದು ಕಳಿಸಿ ಅಂತ. ಪರದೆ ಸರಕ್ಕನೆ ಹೋಗಿಬಿಡುತ್ತದೆ ಅನ್ನುವವರಿಗೆ ವಿಡಿಯೋ ಮಾಡಿ ಅನ್ನುತ್ತೇನೆ. ವಿಡಿಯೋವನ್ನು ನಿಧಾನಕ್ಕೆ ಓಡಿಸಿದರೆ ಕೋಡ್ ಸಿಕ್ಕೇ ಸಿಗುತ್ತದೆ. ಆಮೇಲೆ ಇನ್ನೊಂದು ಪ್ರಶ್ನೆ: ಕೊನೇ ಸಲ ಚೆನ್ನಾಗಿ ನಡೆದಾಗಿನಿಂದ ಈಗಿನವರೆಗೆ ಏನು ಬದಲಾಗಿದೆ? ಹೊಸ ಪ್ರಿಂಟರ್ ಬಂತಾ? ಯಾರಾದರೂ ರ‍್ಯಾಮ್ ಹಾಕಿದರಾ? ಟೇಬಲ್ ಸರಿಸಿದಿರಾ? ರಾತ್ರಿ ಗುಡುಗು, ಸಿಡಿಲು ಇತ್ತಾ? "ಏನೂ ಇಲ್ಲ ಸಾರ್, ಹಾಗೇ ಇತ್ತು" ಅಂತಲೇ ಮೊದಲ ಉತ್ತರ ಬರುತ್ತದೆ. ಸ್ವಲ್ಪ ಹೊತ್ತು ಮಾತಾಡಿದರೆ ಏನಾದರೂ ಒಂದು ಹೊರಗೆ ಬರುತ್ತದೆ. ಮೈಕ್ರೋಸಾಫ್ಟ್ ತಿಂಗಳ ಎರಡನೇ ಮಂಗಳವಾರ ಅಪ್‌ಡೇಟ್ ಬಿಡುತ್ತದೆ. ನಮಗೆ ಆಗ ರಾತ್ರಿ. ಹಾಗಾಗಿ ಆ ವಾರ ಕೆಟ್ಟ ಕಂಪ್ಯೂಟರ್‌ಗಳಲ್ಲಿ ನಾನು ಮೊದಲು ಅಪ್‌ಡೇಟ್ ಕಡೆ ನೋಡುತ್ತೇನೆ. ವಿಂಡೋಸ್ 10, 11ರಲ್ಲಿ ಆನ್ ಆಗುವ ಹೊತ್ತಿಗೆ ಪವರ್ ಬಟನ್ ಒತ್ತಿ ಹಿಡಿದು ಆಫ್ ಮಾಡಬೇಕು. ಹೀಗೆ ಎರಡು ಮೂರು ಸಲ ಮಾಡಿದರೆ ಅದು ತಾನಾಗಿಯೇ ರಿಪೇರಿ ಮೆನುಗೆ ಹೋಗುತ್ತದೆ. ಅಲ್ಲಿ ಕೊನೆಯ ಅಪ್‌ಡೇಟ್ ತೆಗೆಯುವ ಆಯ್ಕೆಯೂ ಇದೆ, ಸೇಫ್ ಮೋಡ್ ಕೂಡ ಇದೆ. ಎರಡರಲ್ಲೂ ನಿಮ್ಮ ಫೈಲ್‌ಗಳಿಗೆ ಏನೂ ಆಗುವುದಿಲ್ಲ.

ಕೋಡ್‌ಗಳು ನೂರಾರು ಇವೆ. ಎಲ್ಲ ಬಾಯಿಪಾಠ ಮಾಡಬೇಕಿಲ್ಲ. ಪ್ರತಿ ಸಲವೂ ಒಂದೇ ಕೋಡ್, ಜೊತೆಗೆ ಒಂದೇ ಫೈಲ್ ಹೆಸರು ಬಂದರೆ ನನ್ನ ಅನುಮಾನ ಡ್ರೈವರ್ ಮೇಲೆ. ಒಂದು ಸಲ ಮೆಮೊರಿ ಮ್ಯಾನೇಜ್‌ಮೆಂಟ್, ಇನ್ನೊಂದು ಸಲ ಪೇಜ್ ಫಾಲ್ಟ್, ಮತ್ತೊಂದು ಸಲ ಇನ್ನೇನೋ ಅಂತ ದಿನಕ್ಕೊಂದು ಕೋಡ್ ಬಂದರೆ ರ‍್ಯಾಮ್, ಅಂದರೆ ಮೆಮೊರಿಯ ಪಟ್ಟಿ ನೋಡಬೇಕು. ನಮ್ಮ ಊರಿನ ಧೂಳಿಗೆ ಇದು ಜಾಸ್ತಿ. ರಸ್ತೆಗೆ ಬಾಗಿಲು ತೆರೆದುಕೊಂಡ ಅಂಗಡಿಗಳಲ್ಲಿ ಸಿಪಿಯು ನೆಲದ ಮೇಲೇ ಇರುತ್ತದೆ. ಒಳಗೆ ಧೂಳಿನ ಪದರ, ಕೆಲವು ಸಲ ಹಲ್ಲಿ. ಕರೆಂಟ್ ತೆಗೆದು, ರ‍್ಯಾಮ್ ಹೊರಗೆ ಎಳೆದು, ಅದರ ಬಂಗಾರದ ಬಣ್ಣದ ಅಂಚನ್ನು ಪೆನ್ಸಿಲ್ ಅಳಿಸುವ ರಬ್ಬರ್‌ನಿಂದ ಮೆಲ್ಲಗೆ ಉಜ್ಜಿ, ಮತ್ತೆ ಕೂರಿಸಿದರೆ ಎಷ್ಟೋ ಕಂಪ್ಯೂಟರ್‌ಗಳು ಅಲ್ಲೇ ಸರಿಹೋಗುತ್ತವೆ. ಬಸ್ಸಿನಲ್ಲಿ ಕುಲುಕಿ ಬಂದವುಗಳಲ್ಲಂತೂ ನಾನು ಮೊದಲು ಮಾಡುವ ಕೆಲಸವೇ ಇದು.

ಇನ್ನು ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್. ಹಳೇ ವಿಂಡೋಸ್‌ನಲ್ಲಿ ಇದು 7ಬಿ ಅಂತ ಕಾಣುತ್ತಿತ್ತು. ವಿಂಡೋಸ್ ಶುರುವಾಗಿದೆ, ಆದರೆ ತಾನು ಇರುವ ಡಿಸ್ಕ್ ತನಗೇ ಸಿಗುತ್ತಿಲ್ಲ ಅಂತ ಇದರ ಅರ್ಥ. ಡಿಸ್ಕ್ ಕೆಟ್ಟಿರಬಹುದು. ಕೇಬಲ್ ಸಡಿಲ ಆಗಿರಬಹುದು. ಎರಡೂ ಚೆನ್ನಾಗಿದ್ದು, ಡಿಸ್ಕ್ ತಲುಪುವ ದಾರಿ ಮಾತ್ರ ಬದಲಾಗಿರಬಹುದು. ಈ ಮೂರನೆಯದನ್ನು ನಾನು ಚಿಕ್ಕಪೇಟೆಯ ಒಂದು ಡಿಟಿಪಿ ಅಂಗಡಿಯಲ್ಲಿ ನೋಡಿದೆ. ಫಾರ್ಮ್ಯಾಟ್ ಬಗ್ಗೆ ನನಗೆ ಇಷ್ಟು ಗಟ್ಟಿ ಅಭಿಪ್ರಾಯ ಬರಲು ಆ ಕೆಲಸವೇ ಕಾರಣ.

ಅಂಗಡಿ ನಡೆಸುವವರು ಒಬ್ಬ ಅಕ್ಕ. ಲಗ್ನಪತ್ರಿಕೆ, ನಾಮಕರಣದ ಕಾರ್ಡು, ಜಾತ್ರೆಯ ಕರಪತ್ರ, ದೇವಸ್ಥಾನದ ರಸೀದಿ ಪುಸ್ತಕ, ವೈಕುಂಠ ಸಮಾರಾಧನೆಯ ಆಹ್ವಾನ, ಹುಡುಗರ ಪ್ರಾಜೆಕ್ಟ್ ರಿಪೋರ್ಟು. ಬೆಳಿಗ್ಗೆಯಿಂದ ರಾತ್ರಿವರೆಗೂ ಟೈಪಿಂಗ್. ಪುಟ ಜೋಡಿಸುವ ಪೇಜ್‌ಮೇಕರ್, ಕನ್ನಡ ಟೈಪ್ ಮಾಡುವ ನುಡಿ, ಚಿತ್ರ ಬಿಡಿಸುವ ಕೋರಲ್ ಡ್ರಾ ಮೂರೂ ಒಂದೇ ಹಳೇ ಡೆಸ್ಕ್‌ಟಾಪ್‌ನಲ್ಲಿ. ಹಾರ್ಡ್ ಡಿಸ್ಕ್ ನಿಧಾನ ಆಯಿತು ಅಂತ ಯಾರೋ ಅದಕ್ಕಿಂತ ವೇಗದ ಎಸ್‌ಎಸ್‌ಡಿ ಡಿಸ್ಕ್ ಹಾಕಿ, ವಿಂಡೋಸ್ 10 ಹಾಕಿಕೊಟ್ಟಿದ್ದರು. ಅದಾದ ಮೇಲೆ ಚೆನ್ನಾಗೇ ನಡೆದಿತ್ತು. ಆಮೇಲೆ ಒಂದು ಸೋಮವಾರ ನೀಲಿ ಪರದೆ.

ಅವರು ಅದನ್ನು ರಿಪೇರಿಗೆ ಕೊಟ್ಟರು. ಸರಿಯಾಗಿ ವಾಪಸ್ ಬಂತು. ಏನಾಗಿತ್ತು ಅಂತ ಯಾರೂ ಹೇಳಲಿಲ್ಲ. ಮುಂದಿನ ಸೋಮವಾರ ಮತ್ತೆ ಅದೇ ಪರದೆ. ಬೇರೆಯವರಿಗೆ ತೋರಿಸಿದರೆ ಮದರ್‌ಬೋರ್ಡ್ ಹೋಗಿದೆ ಅಂದರು. ಇನ್ನೊಬ್ಬರು ಫಾರ್ಮ್ಯಾಟ್ ಮಾಡಿದರೆ ಸರಿಹೋಗುತ್ತದೆ ಅಂದರು. ಮದುವೆ ಸೀಸನ್ ನಡೀತಾ ಇತ್ತು. ಹೊರಗೆ ಗಿರಾಕಿಗಳು ಕಾಯುತ್ತಿದ್ದರು. ಆದರೂ ಅವರು ಒಪ್ಪಲಿಲ್ಲ. ನನ್ನ ಹತ್ತಿರ ಬಂದಾಗ ಮೊದಲ ಮಾತೇ ಇದು:

"ನೋಡಪ್ಪ, ಇದ್ರಲ್ಲಿ ಇರೋದು ನಂದಲ್ಲ, ಊರೋರದ್ದು. ಅಳಿಸೋದಾದ್ರೆ ಮುಟ್ಟಬೇಡ."

ಅವರ ಮಾತಿನಲ್ಲಿ ಅತಿ ಅನ್ನುವುದು ಏನೂ ಇರಲಿಲ್ಲ. ಅಕ್ಕನ ಮದುವೆಗೆ ಪತ್ರಿಕೆ ಮಾಡಿಸಿದವರು ತಂಗಿಯ ಮದುವೆಗೂ ಅಲ್ಲಿಗೇ ಬರುತ್ತಾರೆ. "ಹೋದ ಸಲದ್ದೇ ಇರಲಿ ಅಕ್ಕ, ಹೆಸರು ಬದಲಾಯಿಸಿ" ಅನ್ನುತ್ತಾರೆ. ಮನೆದೇವರು, ಅಜ್ಜ ಅಜ್ಜಿಯರ ಹೆಸರು, ಊರು, ಬಳಗದ ಪಟ್ಟಿ, ಎಲ್ಲ ಆ ಫೈಲ್‌ನಲ್ಲೇ ಇರುತ್ತದೆ. ಆ ಹೆಸರುಗಳ ಕಾಗುಣಿತ ಒಂದೊಂದು ಮನೆಗೆ ಒಂದೊಂದು ರೀತಿ. ಅದನ್ನು ಮತ್ತೆ ಕೇಳಿ ಬರೆದುಕೊಳ್ಳೋಣ ಅಂದರೆ ಹೇಳುವ ಹಿರಿಯರೇ ಈಗ ಇಲ್ಲದಿರಬಹುದು.

ಅವರ ಅಂಗಡಿಗೇ ಹೋದೆ. ಸಿಪಿಯು ನನ್ನ ಅಂಗಡಿಗೆ ತಂದಿದ್ದರೆ ಇದು ಗೊತ್ತಾಗುವುದು ತಡವಾಗುತ್ತಿತ್ತೇನೋ. ಅವರು ದಿನಾ ಹೇಗೆ ಆನ್ ಮಾಡುತ್ತಾರೋ ಹಾಗೇ ಮಾಡಿ ಅಂದೆ. ಗೋಡೆಯ ಸ್ವಿಚ್ ಹಾಕಿದರು. ಯುಪಿಎಸ್ ಆನ್ ಮಾಡಿದರು. ಸಿಪಿಯು ಬಟನ್ ಒತ್ತಿದರು. ಕಪ್ಪು ಪರದೆಯಲ್ಲಿ ಎರಡು ಮೂರು ಸಾಲು ಇಂಗ್ಲಿಷ್ ಬಂತು. ನಾನು ಓದುವ ಮೊದಲೇ ಅವರ ಬೆರಳು ಎಫ್2 ಮೇಲೆ ಹೋಯಿತು.

"ಅದು ಯಾಕಕ್ಕ ಎಫ್2?"

"ಎಫ್1 ಒತ್ತಿದ್ರೆ ಇನ್ನೆಲ್ಲಿಗೋ ಹೋಗುತ್ತೆ ಕಣಪ್ಪ. ಎಫ್2 ಒತ್ತಿದ್ರೆ ಮುಂದಕ್ಕೆ ಬರುತ್ತೆ."

ಮುಂದಕ್ಕೆ ಬಂದದ್ದು ನೀಲಿ ಪರದೆ. ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್.

ಆಫ್ ಮಾಡಿ ಮತ್ತೆ ಮೊದಲಿನಿಂದ ಆನ್ ಮಾಡಿಸಿದೆ. ಈ ಸಲ ಆ ಸಾಲುಗಳನ್ನು ಓದಿದೆ. ಬಯಾಸ್ (ವಿಂಡೋಸ್‌ಗಿಂತ ಮೊದಲು ಎದ್ದು ಕಂಪ್ಯೂಟರ್ ಶುರು ಮಾಡುವ, ಮದರ್‌ಬೋರ್ಡ್‌ನಲ್ಲೇ ಇರುವ ಪ್ರೋಗ್ರಾಂ) ಸೆಟ್ಟಿಂಗ್ ಸರಿಯಿಲ್ಲ, ದಿನಾಂಕ ಮತ್ತು ಸಮಯ ಸೆಟ್ ಆಗಿಲ್ಲ, ಎಫ್1 ಒತ್ತಿದರೆ ಸೆಟಪ್, ಎಫ್2 ಒತ್ತಿದರೆ ಡೀಫಾಲ್ಟ್ (ಕಂಪನಿ ಇಟ್ಟ ಮೂಲ ಸೆಟ್ಟಿಂಗ್) ಹಾಕಿಕೊಂಡು ಮುಂದೆ ಹೋಗುತ್ತೇನೆ ಅಂತ ಇತ್ತು. ಎಫ್1 ಒತ್ತಿ ಒಳಗೆ ಹೋದರೆ ದಿನಾಂಕ ಎಷ್ಟೋ ವರ್ಷ ಹಿಂದಿನ ಜನವರಿ 1.

ಆಗ ಒಂದೊಂದಾಗಿ ಕೇಳುತ್ತಾ ಹೋದೆ. ಹೋದ ಸಲ ರಿಪೇರಿಯಿಂದ ಬಂದ ಮೇಲೆ ಇಂಟರ್‌ನೆಟ್ ಹೇಗಿತ್ತು? "ಅದೊಂದು ತಲೆನೋವು. ಯಾವ ಸೈಟೂ ತೆಗೀತಿರಲಿಲ್ಲ. ಸೇಫ್ ಅಲ್ಲ, ಪ್ರೈವೇಟ್ ಅಲ್ಲ ಅಂತಿತ್ತು." ಅದು ತಪ್ಪು ದಿನಾಂಕದ ಲಕ್ಷಣ. ಇವತ್ತಿನ ವೆಬ್‌ಸೈಟ್‌ಗಳ ಭದ್ರತಾ ಪತ್ರಕ್ಕೆ ಒಂದು ಅವಧಿ ಇರುತ್ತದೆ. ಕಂಪ್ಯೂಟರ್‌ನ ಗಡಿಯಾರ ಆ ಅವಧಿಯ ಹೊರಗಿದ್ದರೆ ಬ್ರೌಸರ್ ಒಪ್ಪುವುದಿಲ್ಲ. ಹೊಸದಾಗಿ ಸೇವ್ ಮಾಡಿದ ಫೈಲ್‌ಗಳು ಎಲ್ಲಿ ಕಾಣುತ್ತಿದ್ದವು? "ಅಯ್ಯೋ, ಅದೂ ಹಾಗೇ. ಈಗ ತಾನೇ ಮಾಡಿದ ಪತ್ರಿಕೆ ಪಟ್ಟಿಯಲ್ಲಿ ಎಲ್ಲಕ್ಕಿಂತ ಕೆಳಗೆ ಹೋಗಿ ಕೂತಿರೋದು. ಹುಡುಕಿ ಹುಡುಕಿ ಸಾಕಾಯ್ತು." ಗಡಿಯಾರ ವರ್ಷಗಟ್ಟಲೆ ಹಿಂದಿದ್ದರೆ ಇವತ್ತಿನ ಫೈಲ್ ಎಲ್ಲಕ್ಕಿಂತ ಹಳೆಯದಾಗಿ ಕಾಣುತ್ತದೆ. ಸರಿ, ಅಂಗಡಿಗೆ ರಜೆ ಯಾವತ್ತು? ಭಾನುವಾರ. ಮುಚ್ಚುವಾಗ ಗೋಡೆಯ ಸ್ವಿಚ್ ಆಫ್ ಮಾಡುತ್ತೀರಾ? "ಮಾಡದೆ ಇರ್ತೀನಾ? ಶನಿವಾರ ರಾತ್ರಿ ಆಫ್ ಮಾಡಿದ್ರೆ ಸೋಮವಾರ ಬೆಳಿಗ್ಗೇನೇ ಹಾಕೋದು."

ಇಷ್ಟು ಸಾಕಾಗಿತ್ತು. ಮದರ್‌ಬೋರ್ಡ್ ಮೇಲೆ ನಾಣ್ಯದ ಹಾಗಿರುವ ಒಂದು ಸೆಲ್ ಇರುತ್ತದೆ. ಸಿಆರ್2032 ಅಂತ ಅದರ ಹೆಸರು, 3 ವೋಲ್ಟ್. ಕಂಪ್ಯೂಟರ್‌ಗೆ ಕರೆಂಟ್ ಇಲ್ಲದಾಗ ಗಡಿಯಾರ ಓಡಿಸುವುದು ಅದರ ಕೆಲಸ. ಹಳೇ ಬೋರ್ಡ್‌ಗಳಲ್ಲಿ ಬಯಾಸ್ ಸೆಟ್ಟಿಂಗ್‌ಗಳನ್ನು ಕಾಯುವುದೂ ಅದೇ. ಸಿಪಿಯು ಆಫ್ ಇದ್ದರೂ ಗೋಡೆಯ ಸ್ವಿಚ್ ಆನ್ ಇದ್ದರೆ ಒಳಗೆ ಸ್ವಲ್ಪ ಕರೆಂಟ್ ಬರುತ್ತಲೇ ಇರುತ್ತದೆ, ಸೆಲ್ ಮೇಲೆ ಭಾರ ಬೀಳುವುದಿಲ್ಲ. ಸ್ವಿಚ್ ಆಫ್ ಮಾಡಿದರೆ ಎಲ್ಲ ಭಾರ ಸೆಲ್ ಮೇಲೆ. ವರ್ಷಗಳು ಕಳೆದಂತೆ ಸೆಲ್ ಸೊರಗುತ್ತದೆ. ಅಕ್ಕನ ಸೆಲ್ ಒಂದು ರಾತ್ರಿ ಹೇಗೋ ತಡೆದುಕೊಳ್ಳುತ್ತಿತ್ತು. ಶನಿವಾರ ರಾತ್ರಿಯಿಂದ ಸೋಮವಾರದವರೆಗೆ ಅದರ ಕೈಲಿ ಆಗುತ್ತಿರಲಿಲ್ಲ.

ಸೆಟ್ಟಿಂಗ್ ಅಳಿಸಿದರೆ ನೀಲಿ ಪರದೆ ಯಾಕೆ? ಡಿಸ್ಕ್ ಜೊತೆ ವ್ಯವಹರಿಸಲು ಬಯಾಸ್‌ನಲ್ಲಿ ಸಾಟಾ ಮೋಡ್ ಅಂತ ಒಂದು ಆಯ್ಕೆ ಇದೆ. ಹಳೆಯ ರೀತಿ ಐಡಿಇ, ಹೊಸ ರೀತಿ ಎಎಚ್‌ಸಿಐ. ಎಸ್‌ಎಸ್‌ಡಿ ಹಾಕಿದವರು ಸರಿಯಾಗಿಯೇ ಎಎಚ್‌ಸಿಐ ಇಟ್ಟು ವಿಂಡೋಸ್ ಹಾಕಿದ್ದರು. ಆ ಹಳೇ ಬೋರ್ಡ್‌ನ ಡೀಫಾಲ್ಟ್ ಮಾತ್ರ ಐಡಿಇ. ಸೆಲ್ ಸೋತು ಸೆಟ್ಟಿಂಗ್ ಅಳಿಸಿದಾಗ, ಎಫ್2 ಒತ್ತಿದಾಗ, ಅದು ಐಡಿಇಗೆ ಹೋಗಿಬಿಡುತ್ತಿತ್ತು. ವಿಂಡೋಸ್ ಶುರುವಾಗುವ ಗಳಿಗೆಯಲ್ಲಿ ಎಎಚ್‌ಸಿಐ ಡ್ರೈವರ್ ಮಾತ್ರ ಸಿದ್ಧವಾಗಿರುತ್ತಿತ್ತು. ಡಿಸ್ಕ್ ಬೇರೆ ರೀತಿಯಲ್ಲಿ ಕಾಣಿಸಿಕೊಂಡಾಗ ಅದನ್ನು ಓದಲು ಆಗದೆ ನಿಂತುಬಿಡುತ್ತಿತ್ತು.

ಕರೆಂಟ್ ತೆಗೆದು ಹಳೇ ಸೆಲ್ ಹೊರಗೆ ತೆಗೆದೆ. ಮೀಟರ್ ಇಟ್ಟರೆ ಎರಡು ವೋಲ್ಟ್ ಕೂಡ ತೋರಿಸಲಿಲ್ಲ. ಹೊಸ ಸೆಲ್ ಕೂರಿಸಿ, ದಿನಾಂಕ ಸರಿಮಾಡಿ, ಸಾಟಾ ಮೋಡ್ ಎಎಚ್‌ಸಿಐ ಮಾಡಿ, ಎಫ್10 ಒತ್ತಿ ಸೇವ್ ಮಾಡಿದೆ. ವಿಂಡೋಸ್ ತಾನಾಗಿಯೇ ಬಂತು. ಪೇಜ್‌ಮೇಕರ್, ನುಡಿ, ಫಾಂಟು, ಲಗ್ನಪತ್ರಿಕೆ, ಎಲ್ಲ ಇದ್ದ ಹಾಗೇ. ಒಟ್ಟು ಖರ್ಚು ಒಂದು ಸೆಲ್‌ನದ್ದು.

ಈ ಕೆಲಸ ನನ್ನ ಮನಸ್ಸಿನಲ್ಲಿ ಗಟ್ಟಿಯಾಗಿ ಉಳಿಯಲು ಬೇರೆ ಕಾರಣ ಇದೆ. ಆವತ್ತು ಫಾರ್ಮ್ಯಾಟ್ ಮಾಡಿದ್ದರೂ ಆ ಕಂಪ್ಯೂಟರ್ ಸರಿಹೋಗುತ್ತಿತ್ತು. ಐಡಿಇ ಮೋಡ್‌ನಲ್ಲೇ ಹೊಸ ವಿಂಡೋಸ್ ಕೂರುತ್ತಿತ್ತು. ಆಮೇಲೆ ಸೆಲ್ ಎಷ್ಟು ಸಲ ಸೋತರೂ ಬೋರ್ಡ್ ಐಡಿಇಗೇ ಬರುತ್ತಿದ್ದರಿಂದ ನೀಲಿ ಪರದೆ ಮತ್ತೆ ಕಾಣುತ್ತಲೇ ಇರಲಿಲ್ಲ. "ನೋಡಿ, ಫಾರ್ಮ್ಯಾಟ್ ಮಾಡಿದ್ದಕ್ಕೆ ಸರಿಹೋಯಿತು" ಅಂತ ಮಾಡಿದವರು ಹೇಳುತ್ತಿದ್ದರು. ಮಾಡಿಸಿದವರು ನಂಬುತ್ತಿದ್ದರು. ಊರಿನ ಅಷ್ಟು ಮನೆಗಳ ಹೆಸರು ಹೋದದ್ದು ಒಂದು ಸೆಲ್‌ಗಾಗಿ ಅಂತ ಯಾರಿಗೂ ಯಾವತ್ತೂ ಗೊತ್ತಾಗುತ್ತಿರಲಿಲ್ಲ. ಫಾರ್ಮ್ಯಾಟ್ ಮೇಲೆ ಜನರಿಗೆ ಇಷ್ಟು ನಂಬಿಕೆ ಬೆಳೆದಿರುವುದು ಹೀಗೇ ಅಂತ ನನಗೆ ಅನ್ನಿಸುತ್ತದೆ. ಅದು ಬಹಳ ಸಲ ಕೆಲಸ ಮಾಡುತ್ತದೆ. ಕಾರಣವನ್ನೂ ಜೊತೆಗೇ ಅಳಿಸಿ ಹಾಕುತ್ತದೆ.

ಮೊದಲ ಸಲ ರಿಪೇರಿ ಮಾಡಿದವರಿಗೆ ಎಎಚ್‌ಸಿಐ ವಿಷಯ ಗೊತ್ತಿತ್ತು. ಗೊತ್ತಿಲ್ಲದೆ ಅದು ಸರಿಯಾಗಿ ವಾಪಸ್ ಬರುತ್ತಿರಲಿಲ್ಲ. ಆದರೆ ಸೆಟ್ಟಿಂಗ್ ಯಾಕೆ ಬದಲಾಯಿತು ಅಂತ ನೋಡಲಿಲ್ಲ. ಏನು ಮಾಡಿದೆ ಅಂತ ಒಂದು ಚೀಟಿಯಲ್ಲಿ ಬರೆದೂ ಕೊಡಲಿಲ್ಲ. ಬರೆದು ಕೊಟ್ಟಿದ್ದರೆ ಮುಂದಿನವರು ಅಲ್ಲಿಂದ ಶುರು ಮಾಡುತ್ತಿದ್ದರು. ನಮ್ಮ ಕಸುಬಿನವರಲ್ಲಿ ನಾನು ಬೇಡಿಕೊಳ್ಳುವುದು ಇದೊಂದೇ. ಗಿರಾಕಿಗೆ ಅರ್ಥವಾಗಲಿ ಬಿಡಲಿ, ಏನಿತ್ತು, ಏನು ಮಾಡಿದೆ ಅಂತ ಎರಡು ಸಾಲು ಬರೆದು ಕೊಡಿ. ಗಿರಾಕಿಗಳೂ ಕೇಳಿ ಬರೆಸಿಕೊಳ್ಳಿ. ಅದಕ್ಕೆ ಸಂಕೋಚ ಬೇಡ.

ಎಲ್ಲ ಕಥೆಯೂ ಹೀಗೆ ಸುಲಭಕ್ಕೆ ಮುಗಿಯುವುದಿಲ್ಲ. ಕೆಲವು ಸಲ ಡಿಸ್ಕೇ ಹೋಗುತ್ತಿರುತ್ತದೆ. ಆಗಂತೂ ಮೊದಲ ಕೆಲಸ ಫೈಲ್ ಉಳಿಸಿಕೊಳ್ಳುವುದು, ರಿಪೇರಿ ಆಮೇಲೆ. ಈ ಕ್ರಮ ತಪ್ಪಿದರೆ ನಷ್ಟ ದೊಡ್ಡದು. ಡಿಸ್ಕ್ ಪರೀಕ್ಷಿಸುವ ವಿಂಡೋಸ್‌ನ ಚೆಕ್‌ಡಿಸ್ಕ್ ಒಳ್ಳೆಯ ಸಾಧನವೇ. ಆದರೆ ಸಾಯುತ್ತಿರುವ ಡಿಸ್ಕ್ ಮೇಲೆ ಅದನ್ನು ಗಂಟೆಗಟ್ಟಲೆ ಓಡಿಸಿದರೆ ಇದ್ದ ಸ್ವಲ್ಪ ಜೀವವೂ ಹೋಗಬಹುದು. ಹಾಗಾಗಿ ನಾನು ಉಬುಂಟು (ವಿಂಡೋಸ್ ಬದಲು ಬಳಸಬಹುದಾದ ಇನ್ನೊಂದು ಆಪರೇಟಿಂಗ್ ಸಿಸ್ಟಂ) ಇರುವ ಪೆನ್‌ಡ್ರೈವ್‌ನಿಂದ ಕಂಪ್ಯೂಟರ್ ಆನ್ ಮಾಡುತ್ತೇನೆ. ಇನ್‌ಸ್ಟಾಲ್ ಮಾಡದೆ ಸುಮ್ನೆ ಟ್ರೈ ಮಾಡುವ ಆಯ್ಕೆ ಅದರಲ್ಲಿದೆ. ವಿಂಡೋಸ್ ಏಳದಿದ್ದರೂ ಅದರ ಫೈಲ್‌ಗಳು ಅಲ್ಲಿ ಕಾಣುತ್ತವೆ. ಬೇಕಾದದ್ದನ್ನು ಬೇರೆ ಡಿಸ್ಕ್‌ಗೆ ಕಾಪಿ ಮಾಡಿಕೊಂಡ ಮೇಲೆ ಬೇಕಾದ ಪ್ರಯೋಗ ಮಾಡಬಹುದು. ಹಾರ್ಡ್ ಡಿಸ್ಕ್‌ನಿಂದ ಟಿಕ್ ಟಿಕ್ ಅಂತ ಶಬ್ದ ಬರುತ್ತಿದ್ದರೆ ಆ ಪ್ರಯತ್ನವೂ ಬೇಡ. ಆಫ್ ಮಾಡಿ ಡೇಟಾ ರಿಕವರಿ ಮಾಡುವವರಿಗೇ ಕೊಡಿ.

ಇನ್ನೊಂದು ನಂಬಿಕೆ ನಮ್ಮಲ್ಲಿ ಬಹಳ ಬಲವಾಗಿದೆ. "ಎಲ್ಲ ಡಿ ಡ್ರೈವ್‌ನಲ್ಲಿದೆ ಸಾರ್, ಏನೂ ಭಯ ಇಲ್ಲ." ಸಿ ಡ್ರೈವ್ ಮಾತ್ರ ಫಾರ್ಮ್ಯಾಟ್ ಮಾಡಿದರೆ ಡಿ ಉಳಿಯುತ್ತದೆ, ನಿಜ. ಆದರೆ ಸಾಮಾನ್ಯವಾಗಿ ಸಿ ಮತ್ತು ಡಿ ಒಂದೇ ಡಿಸ್ಕ್‌ನ ಎರಡು ಭಾಗ. ಡಿಸ್ಕ್ ಹೋದರೆ ಎರಡೂ ಹೋಗುತ್ತವೆ. ತಿಪಟೂರಿನ ಕೊಬ್ಬರಿ ಮಂಡಿಯ ವರ್ತಕರೊಬ್ಬರು ಟ್ಯಾಲಿ ಬ್ಯಾಕಪ್ ಅನ್ನು ದಿನಾ ತಪ್ಪದೆ ಡಿ ಡ್ರೈವ್‌ಗೆ ಹಾಕುತ್ತಿದ್ದರು. ಅವರ ಶಿಸ್ತು ನೋಡಿ ನನಗೆ ಗೌರವ ಬಂತು. ಅದೇ ಶಿಸ್ತಿಗೆ ಒಂದು ಹೊರಗಿನ ಡಿಸ್ಕ್ ಸೇರಿಸಿ ಅಂತ ಹೇಳಿದೆ. ಕಾಪಿ ಆದ ಮೇಲೆ ಅದನ್ನು ಕಳಚಿ ಮನೆಗೆ ತೆಗೆದುಕೊಂಡು ಹೋಗಬೇಕು. ಅಂಗಡಿಯ ಟೇಬಲ್ ಮೇಲೇ ಇಟ್ಟರೆ ಸಿಡಿಲಿಗೆ ಎರಡೂ ಒಟ್ಟಿಗೆ ಹೋಗಬಹುದು.

ಡಿಟಿಪಿಯವರಿಗೆ ಒಂದು ಮಾತು ಜಾಸ್ತಿ ಹೇಳಬೇಕು. ಹಳೇ ನುಡಿ ಫೈಲ್‌ಗಳು ಯೂನಿಕೋಡ್, ಅಂದರೆ ಎಲ್ಲ ಕಂಪ್ಯೂಟರ್‌ಗೂ ಅರ್ಥವಾಗುವ ಅಕ್ಷರ ಪದ್ಧತಿ, ಅಲ್ಲ. ಅದೇ ಫಾಂಟ್ ಇಲ್ಲದಿದ್ದರೆ ಕನ್ನಡದ ಬದಲು ಅರ್ಥವಿಲ್ಲದ ಚಿಹ್ನೆಗಳು ಕಾಣುತ್ತವೆ. ಹಾಗಾಗಿ ಪತ್ರಿಕೆಗಳ ಫೋಲ್ಡರ್ ಜೊತೆ ವಿಂಡೋಸ್ ಒಳಗಿನ ಫಾಂಟ್ಸ್ ಫೋಲ್ಡರ್ ಕೂಡ ಕಾಪಿ ಮಾಡಿಡಿ. ಮುಗಿದ ಪ್ರತಿ ಕೆಲಸದ ಒಂದು ಪಿಡಿಎಫ್ ಇಡಿ. ಆ ಅಕ್ಕನ ಅಂಗಡಿಯಲ್ಲಿ ವಿಂಡೋಸ್ ಬಂದ ಕೂಡಲೇ ನಾವಿಬ್ಬರೂ ಕೂತು ಮಾಡಿದ್ದು ಇದನ್ನೇ. ಹೊರಗೆ ಕಾಯುತ್ತಿದ್ದವರಿಗೆ ಅವರು ಕಾಫಿ ತರಿಸಿಕೊಟ್ಟರು, ಕಾಪಿ ಮುಗಿಯುವವರೆಗೆ ಟೈಪಿಂಗ್ ಶುರು ಮಾಡಲಿಲ್ಲ.

ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈಗ ಬೇರೆ ಒಂದು ತೊಡಕು ಬಂದಿದೆ. ನಮ್ಮ ಕಡೆ ಇನ್ನೂ ಬಹಳ ಜನಕ್ಕೆ ಇದು ಗೊತ್ತಿಲ್ಲ. ವಿಂಡೋಸ್ 11 ಇರುವ ಹೊಸ ಲ್ಯಾಪ್‌ಟಾಪ್‌ಗೆ ಮೈಕ್ರೋಸಾಫ್ಟ್ ಅಕೌಂಟ್‌ನಿಂದ ಲಾಗಿನ್ ಆದರೆ ಸಾಮಾನ್ಯವಾಗಿ ಡಿಸ್ಕ್ ತಾನಾಗಿಯೇ ಎನ್‌ಕ್ರಿಪ್ಟ್ ಆಗುತ್ತದೆ, ಅಂದರೆ ಅದರಲ್ಲಿರುವುದು ಗುಪ್ತ ರೂಪಕ್ಕೆ ಬದಲಾಗುತ್ತದೆ. ಕಳ್ಳರ ಕೈಗೆ ಸಿಕ್ಕಿದರೆ ಓದಲು ಆಗಬಾರದು ಅಂತ. ಒಳ್ಳೆಯದೇ. ಆದರೆ ಬಯಾಸ್ ಅಪ್‌ಡೇಟ್ ಆದರೆ, ಬಯಾಸ್‌ನ ಸೆಕ್ಯೂರ್ ಬೂಟ್ ಅನ್ನುವ ಭದ್ರತಾ ಸೆಟ್ಟಿಂಗ್ ಬದಲಾದರೆ, ಮದರ್‌ಬೋರ್ಡ್ ಬದಲಾಯಿಸಿದರೆ ಆನ್ ಮಾಡಿದ ಕೂಡಲೇ ಬೇರೆ ಒಂದು ನೀಲಿ ಪರದೆ ಬರಬಹುದು. ಇದು ಎರರ್ ಅಲ್ಲ. ಬಿಟ್‌ಲಾಕರ್ (ಡಿಸ್ಕ್‌ಗೆ ಬೀಗ ಹಾಕುವ ವಿಂಡೋಸ್‌ನ ವ್ಯವಸ್ಥೆ) ರಿಕವರಿ ಕೀ ಕೇಳುತ್ತದೆ. 48 ಅಂಕಿ. ಅದಿಲ್ಲದೆ ಆ ಡಿಸ್ಕ್‌ನಲ್ಲಿರುವುದನ್ನು ನಾನೂ ತೆಗೆಯಲಾರೆ, ಉಬುಂಟು ಪೆನ್‌ಡ್ರೈವ್ ಕೂಡ ತೆಗೆಯಲಾರದು.

ಗುಬ್ಬಿ ಗೇಟ್ ಕಡೆಯ ಒಬ್ಬ ಮೇಷ್ಟ್ರು ಇಂಥದೊಂದು ಲ್ಯಾಪ್‌ಟಾಪ್ ತಂದರು. ತಮ್ಮ ಅಕೌಂಟ್‌ನಲ್ಲಿ ಹುಡುಕಿದರೆ ಕೀ ಇರಲಿಲ್ಲ. ಲ್ಯಾಪ್‌ಟಾಪ್ ತಂದ ದಿನ ಮೊದಲು ಆನ್ ಮಾಡಿ ಕೊಟ್ಟವರು ಯಾರು ಅಂತ ಕೇಳಿದೆ. ಬೆಂಗಳೂರಿನಲ್ಲಿ ಕೆಲಸ ಮಾಡುವ ಮಗಳು. ಅವಳಿಗೆ ಫೋನ್ ಹಚ್ಚಿದೆವು. ಅವಳು ತನ್ನ ಮೈಕ್ರೋಸಾಫ್ಟ್ ಅಕೌಂಟ್ ತೆರೆದು, ಡಿವೈಸ್ ಪಟ್ಟಿಯಲ್ಲಿ ಅಪ್ಪನ ಲ್ಯಾಪ್‌ಟಾಪ್ ಹುಡುಕಿ, ಅಂಕಿಗಳನ್ನು ಆರಾರರಂತೆ ಎಂಟು ಗುಂಪಾಗಿ ಓದಿ ಹೇಳಿದಳು. ಮೇಷ್ಟ್ರು ಮೊದಲು ಅವನ್ನು ಡೈರಿಯಲ್ಲಿ ಬರೆದುಕೊಂಡರು, ಆಮೇಲೆ ಟೈಪ್ ಮಾಡಿದರು. ಲ್ಯಾಪ್‌ಟಾಪ್ ತೆರೆಯಿತು. ನಿಮ್ಮದೂ ವಿಂಡೋಸ್ 11 ಆಗಿದ್ದರೆ, ಈಗ ಚೆನ್ನಾಗಿ ನಡೆಯುತ್ತಿರುವಾಗಲೇ ಆ ಕೀ ಯಾರ ಅಕೌಂಟ್‌ನಲ್ಲಿದೆ ಅಂತ ನೋಡಿ, ಒಂದು ಕಾಗದದಲ್ಲಿ ಬರೆದು ಮನೆಯ ಪತ್ರಗಳ ಜೊತೆ ಇಟ್ಟುಬಿಡಿ.